ಸತ್ತವನ ಪಾತ್ರಕ್ಕೆ ಅಪ್ಪ

ಭೂತದ ಕಥೆಯನ್ನು ನಾಟಕ ಮಾಡಲು ಹೊರಟವಳನ್ನು ಮೊದಲು ಕಾಡಿದ್ದು ಭೂತವಲ್ಲ, ಜಾಗ. ಹಳೇ ಕಾಲದ ಆ ಹೆಸರಾಂತ ಕಥೆಯಲ್ಲಿ ಬಂಗಲೆಯುಂಟು, ನದಿಯುಂಟು, ಕುದುರೆಗಾಡಿಯುಂಟು. ಇವಳ ರಂಗಮಂದಿರವೋ, ಮುಂದಿನ ಸಾಲಿನವರು ಕಾಲು ಚಾಚಿದರೆ ನಟರು ಎಡವಿ ಬೀಳಬೇಕು! ಬರಲು ಹೋಗಲು ಇರುವುದು ಒಂದೇ ಬಾಗಿಲು, ಅದೂ ಪ್ರೇಕ್ಷಕರ ಬೆನ್ನ ಹಿಂದೆ. ನದಿ ಹೋಯಿತು, ಕುದುರೆ ಹೋಯಿತು. ಉಳಿದದ್ದು ಒಂದು ಕುರ್ಚಿ, ಒಂದು ಕಪ್ಪು ಪರದೆ, ಗಂಡ ಸತ್ತ ಒಬ್ಬ ಹೆಂಗಸು, ಪರದೆಯ ಹಿಂದಿನಿಂದ ಅವಳನ್ನು ಮಾತಾಡಿಸುವ ಗಂಡನ ದನಿ. ತಾನು ಸತ್ತಿರುವುದು ಪಾಪ ಅವನಿಗೇ ಗೊತ್ತಿಲ್ಲ. ಕೊನೆಗೆ ಹೆಂಡತಿಯೇ ಬಾಯಿಬಿಟ್ಟು, "ನೀವು ಸತ್ತಿದ್ದೀರಿ, ಹೋಗಿ" ಎನ್ನಬೇಕು. ಕಥೆಯ ಜೀವವೆಲ್ಲ ಆ ಮಾತಿನಲ್ಲಿತ್ತು.

ಹೆಂಡತಿಯ ಪಾತ್ರ ಅವಳದೇ. ದನಿಗೆ ಅಪ್ಪ.

"ಅಪ್ಪನಾ? ತಲೆ ಕೆಟ್ಟಿದ್ಯೇನಕ್ಕಾ ನಿಂಗೆ?" ಎಂದ ಲೈಟು ನೋಡಿಕೊಳ್ಳುವ ತಮ್ಮ. "ಬೆಳಗ್ಗೆ ತಿಂದಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ."

"ತಿಂದಿದ್ದು ಮರೀತಾನೆ, ಮಾತು ಮರೆಯಲ್ಲ ಕಣೋ. ನಾನು ಒಂದು ಸಾಲು ತಪ್ಪಿದ್ರೆ ಸ್ನಾನದ ಮನೆಯಿಂದಲೇ ತಿದ್ದುತ್ತಾನೆ."

ಅದು ನಿಜವೇ. ಅಪ್ಪ ಆಯುಷ್ಯವೆಲ್ಲ ಪರದೆಯ ಹಿಂದೆ ನಿಂತು ನಟರಿಗೆ ಮಾತು ಎತ್ತಿಕೊಟ್ಟವನು. ಎಲ್ಲರಿಗೂ ಅವನು ಗುಸುಗುಸು ಮಾಸ್ತರು. ರಾಜನ ಬಾಯಿಗೂ ಕಳ್ಳನ ಬಾಯಿಗೂ ಮಾತು ಹಾಕಿದ ಮನುಷ್ಯನಿಗೆ ತನ್ನದೆಂಬ ಒಂದು ಪಾತ್ರ ಯಾರೂ ಕೊಟ್ಟಿರಲಿಲ್ಲ, ಪುಣ್ಯಾತ್ಮರು! ಅವನ ತಲೆ ಪೂರ್ತಿ ಖಾಲಿಯಾಗುವ ಮೊದಲು ಒಂದು ಚಪ್ಪಾಳೆ ಅವನದಾಗಲಿ ಎಂಬುದು ಮಗಳ ಹಟ. ಎಲ್ಲರೆದುರು ಎಡವಿದರೆ? ಇರುವ ಒಂದು ಮರ್ಯಾದೆಯೂ ಹೋದೀತು. ಆ ಭಯಕ್ಕೆ ಅವನ ಸಾಲುಗಳನ್ನೂ ಅವಳೇ ಬಾಯಿಪಾಠ ಮಾಡಿಕೊಂಡಿದ್ದಳು.

ಮೊದಲ ಪ್ರದರ್ಶನದಲ್ಲಿ ಅಪ್ಪ ಒಂದಕ್ಷರ ತಪ್ಪಲಿಲ್ಲ. ಆ ದನಿ ಕೇಳಿ ಜನ ಕೆಮ್ಮುವುದನ್ನೂ ಮರೆತರು. ಇನ್ನೇನು ದಡ ಸೇರಿದೆವು ಎನ್ನುವಾಗ ಪರದೆಯ ಹಿಂದೆ ಗಪ್‌ಚಿಪ್. ಅವಳು ಜನರಿಗೆ ಬೆನ್ನು ಮಾಡಿ, ಮೆಲ್ಲಗೆ ಮುಂದಿನ ಸಾಲು ಎತ್ತಿಕೊಟ್ಟಳು. ಆಮೇಲೆ ಬೇರೆಯದೇ ದನಿ ಬಂತು, ಮೆತ್ತಗೆ.

"ಇವಳೇ..."

ನಾಟಕದಲ್ಲಿ ಆ ಮಾತಿರಲಿಲ್ಲ. ಅಪ್ಪ ಹಾಗೆ ಕರೆಯುತ್ತಿದ್ದುದು ಅಮ್ಮನನ್ನು ಮಾತ್ರ. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

"ಅವತ್ತು ನಿಂಗೆ ಕಾಯಿಲೆ ಜೋರಾಗಿದೆ ಅಂತ ಹೇಳಿಕಳಿಸಿದ್ರು. ಆಟ ಅರ್ಧಕ್ಕೆ ಬಿಟ್ಟು ಹೇಗೆ ಬರ್ಲಿ ಅಂತ ಅಲ್ಲೇ ನಿಂತುಬಿಟ್ಟೆ. ಬರೋ ಹೊತ್ತಿಗೆ ನೀನಿರ್ಲಿಲ್ಲ. ಕೋಪಾನಾ?"

ಕತ್ತಲಲ್ಲಿ ಯಾರೋ ಬಿಕ್ಕಿದರು. ಲೈಟು ಆರಿಸಲಾ ಎಂದು ತಮ್ಮ ಕೈಸನ್ನೆ ಮಾಡಿದ. ಅವಳು ಬೇಡವೆಂದಳು. ಈಗ ಅವಳು ಹೇಳಬೇಕಾದ್ದು ಅದೇ ಮಾತು: ನೀವು ಸತ್ತಿದ್ದೀರಿ, ಹೋಗಿ. ಹೇಳದಿದ್ದರೆ ನಾಟಕಕ್ಕೆ ಕೊನೆಯಿಲ್ಲ. ಹೇಳಿದರೆ, ಅಮ್ಮನೇ ಬಂದು ಅಪ್ಪನನ್ನು ಆಚೆಗೆ ಅಟ್ಟಿದ ಹಾಗೆ. ಯಾವ ಗಳಿಗೆಯಲ್ಲಿ ಈ ಹಾಳು ಕಥೆ ಮುಟ್ಟಿದೆನೋ ಎಂದು ತನ್ನನ್ನೇ ಶಪಿಸಿಕೊಂಡಳು.

"ಇಲ್ಲಾ ರೀ," ಎಂದಳು. ಅಮ್ಮನ ದನಿ ತನ್ನ ಗಂಟಲಲ್ಲಿ ಎಲ್ಲಿ ಅಡಗಿತ್ತೋ ಅವಳಿಗೇ ತಿಳಿಯದು. "ಕೋಪ ಗೀಪ ಏನೂ ಇಲ್ಲ. ಸತ್ತಿರೋಳು ನಾನು, ನಾನು ಹೊರಡ್ತೀನಿ. ನೀವು ಮಕ್ಕಳ ಜೊತೆ ನೆಮ್ಮದಿಯಾಗಿರಿ."

ಬೇರೆ ದಾರಿಯಿಲ್ಲವಲ್ಲ, ಜನರ ನಡುವೆಯೇ ನಡೆದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಗೋಡೆಗೊರಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಒಳಗೆ ಚಪ್ಪಾಳೆ ಬೀಳಬೇಕಿತ್ತು, ಬೀಳಲಿಲ್ಲ. ಬಾಗಿಲಿಗೆ ಕಿವಿಗೊಟ್ಟಳು. ಅಪ್ಪ ಇನ್ನೂ ಮಾತಾಡುತ್ತಿದ್ದ. ಒಂದು ಮಾತು, ಸ್ವಲ್ಪ ತಡೆ, "ಹೌದಾ?" ಎಂದೊಂದು ನಗು, ಮತ್ತೆ ತಡೆ. ಎದುರಿಗಿದ್ದವರು ಉತ್ತರ ಕೊಡಲು ಬೇಕಾದಷ್ಟೇ ಹೊತ್ತು.

"ಆಯ್ತು ಬಿಡು," ಎನ್ನುತ್ತಿದ್ದ ಅಪ್ಪ, "ನೀನು ಬಂದಿದ್ದು ಮಗಳಿಗೆ ಹೇಳಲ್ಲ. ಮೊದಲೇ ಪುಕ್ಕಲಿ ಅದು. ನಿನ್ನ ಥರಾನೇ ಮಾತಾಡಿ ನನ್ನ ಸಮಾಧಾನ ಮಾಡಿ ಹೋಯ್ತು, ಪಾಪ. ಈಗ ಹೊರಗೆ ನಿಂತು ಅಳ್ತಿದೆ."