ಅತ್ತೆಯ ಹೆಸರಿಗೊಂದು ಕೋರ್ಟ್ ನೋಟಿಸು

ನನ್ನ ಗಂಡ ಬಸವರಾಜ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಒಂದೇ ಒಂದು ವೋಟಿನಿಂದ ಸೋತರು. ಮೋಹನನಿಗೆ ಇನ್ನೂರ ಹನ್ನೆರಡು, ಇವರಿಗೆ ಇನ್ನೂರ ಹನ್ನೊಂದು. ಕಣದಲ್ಲಿದ್ದ ಮೂರನೆಯವರು ನಮ್ಮ ಅತ್ತೆ ಕರಿಬಸಮ್ಮ. ಅವರಿಗೆ ಬಿದ್ದದ್ದು ಎರಡು.

ಅತ್ತೆ ಆಸೆಪಟ್ಟು ನಿಂತವರಲ್ಲ. ಮಗನ ನಾಮಪತ್ರ ಎಲ್ಲಾದರೂ ತಿರಸ್ಕಾರವಾದರೆ ಇರಲಿ ಎಂದು ಮನೆಯವರದೇ ಇನ್ನೊಂದು ಹಾಕಿಸಿಡುವುದು ನಮ್ಮ ಕಡೆಯ ರೂಢಿ. ಅದಕ್ಕೆ ಡಮ್ಮಿ ಎನ್ನುತ್ತಾರೆ. ನಾಮಪತ್ರ ವಾಪಸು ತೆಗೆಯುವ ಕೊನೆಯ ದಿನ ಅತ್ತೆ ಕಡೂರಿನಲ್ಲಿ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದರು. ಎರಡು ಬಸ್ಸು ಬದಲಾಯಿಸಿ ಊರು ಮುಟ್ಟುವಷ್ಟರಲ್ಲಿ ಗಡುವಿನ ಮೂರು ಗಂಟೆ ದಾಟಿತ್ತು. ಹಾಗಾಗಿ ಮತಪತ್ರದಲ್ಲಿ ಅವರ ಹೆಸರೂ ಅಚ್ಚಾಯಿತು, ಅದೂ ಮಗನ ಹೆಸರಿಗಿಂತ ಮೇಲೆ.

ಅವರಿಗೆ ಬಿದ್ದ ಎರಡು ವೋಟಿನಲ್ಲಿ ಒಂದು ನನ್ನದು. ಬೇಕೆಂದೇ ಹಾಕಿದ್ದು. ಇವರು ಊರಿನವರಿಗೆಲ್ಲ ಹದಿನೈದು ದಿನ ಕೈ ಮುಗಿದರು, ಹೊತ್ತುಹೊತ್ತಿಗೆ ಬಂದವರಿಗೆಲ್ಲ ನಾನು ಟೀ ಕಾಯಿಸಿದೆ. ಮತದಾನದ ದಿನ ಬೆಳಿಗ್ಗೆ ಚೀಟಿ ಕೈಗಿಟ್ಟು, ನಾಲ್ಕು ಜನರ ಎದುರಿಗೆ, "ಯಾವುದಕ್ಕೆ ಒತ್ಬೇಕು ಅಂತ ನೆನಪೈತೇನೇ? ನಿಂಗೆ ಹತ್ತು ಸಲ ಹೇಳ್ಬೇಕು" ಎಂದರು. ನಾನು ಪಿಯುಸಿ ಓದಿದವಳು. ಬೂತಿನ ಮರೆಯಲ್ಲಿ ನಿಂತಾಗ ಕೋಪ ನೆತ್ತಿಗೇರಿ, ಮುದ್ರೆ ಅತ್ತೆಯ ಹೆಸರಿನ ಮುಂದೆ ಕೂತಿತು. ಒಂದು ವೋಟಿನಲ್ಲಿ ಏನು ಮಹಾ ಎಂದುಕೊಂಡೆ. ಫಲಿತಾಂಶ ಬಂದಾಗ ಕಡಿಮೆ ಬಿದ್ದದ್ದೂ ಆ ಒಂದೇ.

ನಾಲ್ಕು ಒಳ್ಳೆಯ ವೋಟುಗಳನ್ನು ಕುಲಗೆಟ್ಟವೆಂದು ಬದಿಗಿಟ್ಟಿದ್ದಾರೆ, ಕೋರ್ಟಿಗೆ ಹೋಗುತ್ತೇನೆ ಎಂದು ಇವರು ಹಟ ಹಿಡಿದರು. ಫಲಿತಾಂಶ ಬಂದ ಇಪ್ಪತ್ತಾರನೆಯ ದಿನ ಅಜ್ಜಂಪುರದಿಂದ ಬಸ್ಸು ಹಿಡಿದು ಇಬ್ಬರೂ ತರೀಕೆರೆಗೆ ಹೋದೆವು. ವಕೀಲ ಹಿದಾಯತುಲ್ಲಾ ಸಾಹೇಬರು ಕನ್ನಡಕ ಏರಿಸಿ ಕೇಳಿದರು, "ಕಣದಲ್ಲಿ ಎಷ್ಟು ಜನ ಇದ್ರಿ?"

"ನಾನು, ಮೋಹನ. ಇಬ್ರೇ."

ಸಾಹೇಬರು ಫಲಿತಾಂಶದ ಹಾಳೆಯನ್ನು ತಿರುಗಿಸಿ ಇವರ ಮುಂದಿಟ್ಟರು. "ಈ ಕರಿಬಸಮ್ಮ ಯಾರ್ರೀ?"

"ಅವ್ರು ನಮ್ಮವ್ವ. ಲೆಕ್ಕಕ್ಕಿಲ್ಲ ಬಿಡಿ ಸಾರ್."

"ನಿಮ್ಮ ಲೆಕ್ಕಕ್ಕಿಲ್ದೆ ಇರ್ಬೋದು. ಕಣದಲ್ಲಿದ್ದ ಪ್ರತಿಯೊಬ್ಬರನ್ನೂ ಎದುರುದಾರ ಮಾಡ್ಬೇಕು, ನೋಟಿಸು ಜಾರಿ ಆಗ್ಬೇಕು. ಒಬ್ಬರನ್ನ ಬಿಟ್ರೂ ಅರ್ಜಿ ನಿಲ್ಲಲ್ಲ. ಫಲಿತಾಂಶ ಬಂದು ಮೂವತ್ತು ದಿನ ಕಳೆದ ಮೇಲೆ ಸೇರಿಸ್ತೀನಿ ಅಂದ್ರೂ ಆಗಲ್ಲ."

ಇವರ ಮುಖ ಕಪ್ಪಿಟ್ಟಿತು. "ಹೆತ್ತವ್ವನ ಮೇಲೆ ಕೋರ್ಟಿಗೆ ಹೋದ ಅಂತಾರೆ ಸಾರ್ ಊರಲ್ಲಿ. ಕೋರ್ಟಿನ ಅಮೀನ ಬಂದು ಬಾಗ್ಲಲ್ಲಿ ಹೆಸರು ಕೂಗಿದ್ರೆ ನಾನು ತಲೆ ಎತ್ತೋದು ಹೆಂಗೆ?"

"ಹಂಗಾದ್ರೆ ಕೇಸು ಬಿಡಿ. ಯೋಚನೆ ಮಾಡಿ, ನಾಳಿದ್ದರೊಳಗೆ ಹೇಳಿ."

ದಾರಿಯುದ್ದಕ್ಕೂ ನನಗೆ ನನ್ನದೇ ದಿಗಿಲು. ಕೇಸು ನಡೆದರೆ ಮನೆಯವರನ್ನೆಲ್ಲ ಕಟಕಟೆ ಹತ್ತಿಸಿ, ಪ್ರಮಾಣ ಮಾಡಿಸಿ, ಯಾರಿಗೆ ಒತ್ತಿದೆ ಎಂದು ಕೇಳಿಯೇ ಕೇಳುತ್ತಾರೆ ಅನ್ನಿಸಿತ್ತು. ಹಾಗೆ ಕೇಳುವಂತಿಲ್ಲ ಎಂದು ಆಮೇಲೆ ತಿಳಿಯಿತು. ಸಾಹೇಬರನ್ನೇ ವಿಚಾರಿಸಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ.

ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇವರು ಪಕ್ಕದಲ್ಲಿ ಕೂತು ವಿಷಯ ಹೇಳಿದರು. ಹೇಳುವಾಗ ಧ್ವನಿ ಸಣ್ಣದಾಗಿತ್ತು.

"ನೋಟಿಸು ನಂಗೂ ಬತ್ತದಾ?" ಎಂದರು ಅತ್ತೆ.

"ಕಳಿಸ್ದೆ ಇದ್ರೆ ಅರ್ಜಿ ಬಿದ್ದೋಯ್ತದಂತೆ. ನಿನ್ನ ಮೇಲೆ ದೂರೇನಿಲ್ಲ ಕಣವ್ವ. ಬರೀ ತಿಳಿಸೋದು."

ಅತ್ತೆ ಮೊರ ಪಕ್ಕಕ್ಕಿಟ್ಟರು. "ನಂಗೆ ತಿಳಿಸೋದಿರ್ಲಿ, ನಾನೇ ನಿಂಗೊಂದು ತಿಳಿಸ್ಬೇಕು. ನಾನು ನಿಂಗೆ ಒತ್ಲಿಲ್ಲ ಕಣೋ. ನಂಗೇ ಒತ್ಕೊಂಡೆ."

"ಏನಂದೆ?" ಎಂದರು ಇವರು.

"ಅರವತ್ತೆಂಟು ವರ್ಷಕ್ಕೆ ನನ್ನ ಹೆಸರು ಊರೆಲ್ಲ ನೋಡೋ ಹಂಗೆ ಅಚ್ಚಾಗಿದ್ದು ಅದೊಂದೇ ಕಡೆ. ಖಾತೇಲಿ ನಿಮ್ಮಪ್ಪನ ಹೆಸರು, ಆಮೇಲೆ ನಿಂದು. ಕರಿಬಸಮ್ಮ ಅಂತ ಎಲ್ಲಾರ್ಗಿಂತ ಮೇಲೆ ಕಂಡ್ತು. ಅದ್ರ ಮುಂದೆ ಯಾರೂ ಒತ್ತಲ್ವಲ್ಲ ಅಂತ ಸಂಕಟ ಆಯ್ತು. ಒತ್ಬಿಟ್ಟೆ. ಅವತ್ತಿಂದ ಅನ್ನ ಇಳೀತಿಲ್ಲ ನಂಗೆ."

ಈಗ ಇವರು ಕೂಗಾಡುತ್ತಾರೆಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಇವರು ಕೂಗಲಿಲ್ಲ. ಒಂದು ಅವರೆಕಾಯಿ ತೆಗೆದುಕೊಂಡು ಸುಲಿದರು, ಇನ್ನೊಂದನ್ನೂ ಸುಲಿದರು. ಆಮೇಲೆ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಇಪ್ಪತ್ತಾರು ದಿನದಿಂದ ಆ ಮುಖದಲ್ಲಿ ನಗು ನೋಡಿರಲಿಲ್ಲ, ನನಗೆ ಕಣ್ಣು ತುಂಬಿ ಬಂತು.

"ಬಿಡವ್ವ, ಕೇಸೂ ಬೇಡ ಏನೂ ಬೇಡ. ಆ ನಾಲ್ಕು ವೋಟೂ ಯಾರ್ಯಾರಿಗೆ ಬಿದ್ದಿದ್ವೋ ನಾನೇನು ಕಂಡಿದ್ದೀನಾ? ಸಾಹೇಬ್ರಿಗೆ ಫೋನ್ ಮಾಡಿ ಹೇಳ್ತೀನಿ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಏನೋ ನೆನೆದು, "ಅಲ್ಲಾ, ನಿಂಗೆ ಬಿದ್ದಿದ್ದು ಎರಡಲ್ವಾ? ಇನ್ನೊಂದು ಯಾರ್ದು?"

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಅವರಿಗೆ ಗೊತ್ತಿತ್ತೆಂದು ಅದರಿಂದಲೇ ನನಗೆ ತಿಳಿಯಿತು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ನನ್ನಿಂದ ಆಗಲಿಲ್ಲ.

"ನಂದು ಕಣ್ರೀ."

ಇವರು ಬೆರಳು ಮಡಚಿದರು. ಇನ್ನೂರ ಹನ್ನೊಂದು, ಹನ್ನೆರಡು, ಹದಿಮೂರು. ಲೆಕ್ಕ ಮುಗಿದ ಮೇಲೂ ಕೈ ಹಾಗೆಯೇ ಇತ್ತು. "ಮನೆ ಗೆದ್ದು ಮಾರು ಗೆಲ್ಲು ಅಂತಾರೆ" ಎಂದು ಅತ್ತೆ ಮೊರಕ್ಕೆ ಹೇಳಿದರು.

"ಯಾಕೇ?" ಎಂದರು ಇವರು.

"ಅವತ್ತು ಬೆಳಿಗ್ಗೆ ನಾಲ್ಕು ಜನದ ಮುಂದೆ ಏನಂದ್ರಿ ನೆನಪೈತಾ? ಊರಿಗೆಲ್ಲ ಕೈ ಮುಗಿದ್ರಿ. ನಮ್ಮಿಬ್ರನ್ನ ಒಂದು ಮಾತು ಕೇಳಿದ್ರಾ?"

ಎದೆಯ ಮೇಲಿನ ಕಲ್ಲು ಇಳಿದಿತ್ತು. ಇವರು ಸುಲಿದ ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ ಎದ್ದು ಒಳಗೆ ಹೋಗುತ್ತ, ನನ್ನ ಮುಂದೆ ಬಂದಾಗ ನಿಂತರು.

"ಐದು ವರ್ಷ ಬಿಟ್ಟು ಮತ್ತೆ ನಿಲ್ತೀನಿ" ಎಂದರು. "ಮೊದ್ಲು ಈ ಮನೇಗೇ ಕೇಳಕ್ಕೆ ಬತ್ತೀನಿ ಕಣೇ, ಮಾಲಿನಿ."