ಬಿಚ್ಚಿದ ಕಾಲುಹಗ್ಗ

ನಾನು ಒಂದು ಸರ್ಫ್‌ಸ್ಕೀ. ಹೆಸರು ಕೇಳಿ ಹಿಮದ ಮೇಲೆ ಜಾರುವ ಹಲಗೆ ಎಂದುಕೊಳ್ಳಬೇಡಿ, ನನ್ನದು ಕಡಲಿನಲ್ಲಿ ಓಡುವ ಜಾತಿ. ಮೂರಾಳುದ್ದ ಇದ್ದೇನೆ, ಅಗಲ ಮಾತ್ರ ಒಬ್ಬರ ಸೊಂಟ ಹಿಡಿಸುವಷ್ಟೇ. ನನ್ನ ಬೆನ್ನಿನ ತಗ್ಗಿನಲ್ಲಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕಬೇಕು. ದೋಣಿ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ.

ಹುಟ್ಟಿದ್ದು ದಕ್ಷಿಣ ಆಫ್ರಿಕದ ಡರ್ಬಾನಿನ ಒಂದು ಶೆಡ್ಡಿನಲ್ಲಿ. ಅಚ್ಚಿನಲ್ಲಿ ಗಾಜಿನ ನಾರು ಹಾಸಿ, ಅಂಟು ಬಳಿದು, ಎರಡು ಹೋಳು ಕೂಡಿಸಿದರು, ನಾನಾದೆ. ಮನೆತನದ ಮೂಲ ಆಸ್ಟ್ರೇಲಿಯ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಸಿಂಪಿ ಸಾಕುವವರು ಹಿನ್ನೀರಿನಲ್ಲಿ ಓಡಾಡಲು ಮಾಡಿಕೊಂಡ ಮರದ ಹಲಗೆಯೇ ನಮ್ಮ ಮುತ್ತಜ್ಜ. ಆಮೇಲೆ ಅಜ್ಜನ ಕಾಲಕ್ಕೆ, ಮುಳುಗುವವರನ್ನು ಎತ್ತಿ ತರುವ ಕಾವಲುಗಾರರು ನಮ್ಮನ್ನು ಅಲೆಗೆ ಇಳಿಸಿದರು. ದಡದ ಆ ಆಟವನ್ನು ನಡುಗಡಲಿಗೆ ಎಳೆದು, ಊರಿಂದ ಊರಿಗೆ ಪಂದ್ಯ ಕಟ್ಟಿದವರಲ್ಲಿ ಡರ್ಬಾನಿನವರು ಮುಂದು. ಬೆನ್ನಿಗೆ ಗಾಳಿ ಇರಬೇಕು, ಒಂದು ಅಲೆಯ ಇಳಿಜಾರು ಮುಗಿಯುವುದರೊಳಗೆ ಇನ್ನೊಂದನ್ನು ಹಿಡಿಯಬೇಕು. ಜೀವ ಉಳಿಸುವ ವಂಶ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ನನ್ನ ಮೊದಲ ಯಜಮಾನ ಒಬ್ಬ ದಂತವೈದ್ಯ. ದಿನಾ ಒರೆಸಿ ಪಾಲಿಶ್ ಮಾಡುತ್ತಿದ್ದ. ಪಾಪ, ಅವನ ಭುಜ ಕೆಟ್ಟಿತು, ನನ್ನನ್ನು ಮಾರಿದ. ಕಂಟೇನರಿನಲ್ಲಿ ಮಲಗಿ ಮಂಗಳೂರಿಗೆ ಬಂದೆ, ಅಲ್ಲಿಂದ ಹತ್ತಿರದ ಸಸಿಹಿತ್ಲು ಕಡಲತೀರದ ಒಂದು ಕ್ಲಬ್ಬಿಗೆ.

ಅಲ್ಲಿ ನನ್ನ ಮೇಲೆ ಕೂತವಳು ನಿಶ್ಮಿತಾ, ಮೀನು ಹಿಡಿಯುವ ವಾಮನಣ್ಣನ ಮಗಳು. ಮೊದಲ ವಾರವೆಲ್ಲ ನಾನು ಅವಳನ್ನು ಬೀಳಿಸಿದ್ದೇ ಬೀಳಿಸಿದ್ದು. ಹಟಮಾರಿ ಹುಡುಗಿ, ಉಪ್ಪುನೀರು ಉಗಿದು ಮತ್ತೆ ಹತ್ತುತ್ತಿದ್ದಳು. ಕಡೆಗೆ ನಾನೇ ಸೋತೆ.

ನನ್ನ ಬೆನ್ನಿಗೆ ಒಂದು ಕಾಲುಹಗ್ಗ ಉಂಟು. ಅದರ ಪಟ್ಟಿಯನ್ನು ಕೂತವರು ಕಾಲಿಗೆ ಕಟ್ಟಿಕೊಳ್ಳಬೇಕು. ಬಿದ್ದರೂ ನಾನು ಅವರನ್ನು ಬಿಟ್ಟು ಹೋಗಬಾರದಲ್ಲ! ಅದನ್ನು ನೋಡಿದ್ದೇ ವಾಮನಣ್ಣನ ಮುಖ ಕಪ್ಪಿಟ್ಟಿತು. ಅವರ ಅಣ್ಣನ ಕಾಲಿಗೆ ಬಲೆಯ ಹಗ್ಗ ಸುತ್ತಿಕೊಂಡು, ಮಗುಚಿದ ದೋಣಿ ಅವನನ್ನು ಕೆಳಕ್ಕೆ ಎಳೆದಿತ್ತಂತೆ.

"ಕಡಲಿಗೆ ಹೋಗು, ಬೇಡ ಅನ್ನುದಿಲ್ಲ. ಆದ್ರೆ ಹಗ್ಗ ಕಾಲಿಗೆ ಕಟ್ಟಬಾರದು. ಆಣೆ ಇಡು," ಎಂದು ಮಗಳ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

"ಅದು ದೋಣಿ ಹಾಗಲ್ಲ ಅಪ್ಪ..."

"ಎಂತದೇ ಇರ್ಲಿ. ಇಡು."

ಅವಳು ಇಟ್ಟಳು. ನನಗೋ ಮೈಯೆಲ್ಲ ಉರಿ. ಬಾಯಿಲ್ಲದ ಜನ್ಮ, ಏನು ಮಾಡಲಿ?

ಪಂದ್ಯದ ದಿನ ಬಂತು. ಕಾಪುವಿನಿಂದ ಸಸಿಹಿತ್ಲಿನವರೆಗೆ, ಮಧ್ಯಾಹ್ನದ ವಾಯವ್ಯ ಗಾಳಿ ಬೆನ್ನಿಗೆ. ಕಾವಲಿಗೆಂದು ವಾಮನಣ್ಣ ತಮ್ಮ ಎಂಜಿನ್ ದೋಣಿ ತಂದಿದ್ದರು. ಕ್ಲಬ್ಬಿನ ಡೆನ್ಜಿಲ್ ಸರ್ ಒಬ್ಬೊಬ್ಬರ ಕಾಲು ನೋಡುತ್ತ ಬಂದರು.

"ನಿಶ್ಮಿತಾ, ಹಗ್ಗ?"

"ಕಟ್ಟಿದ್ದೇನೆ ಸರ್, ನೋಡಿ."

ಹೌದು, ಕಟ್ಟಿದ್ದಳು. ದಡದ ಅಲೆ ದಾಟಿದ್ದೇ ಬಗ್ಗಿ ಪಟ್ಟಿಯನ್ನು ಬಿಚ್ಚಿದಳು. ಸರ್‌ಗೂ ಆಯಿತು, ಅಪ್ಪನಿಗೂ ಆಯಿತು.

ಗಾಳಿ ಏರಿತು. ಅಲೆಯಿಂದ ಅಲೆಗೆ ನಾವು ಹಾರುತ್ತಿದ್ದೆವು. ಎಲ್ಲರಿಗಿಂತ ಹೊರಗೆ, ದಡ ಬರೀ ಒಂದು ಗೆರೆ. ಅಷ್ಟರಲ್ಲಿ ಅಡ್ಡಲೆಯೊಂದು ಪಕ್ಕೆಗೆ ಬಡಿಯಿತು. ನಾನು ಮಗುಚಿದೆ. ಅವಳು ಮೇಲೆದ್ದು ನನ್ನ ಬಾಲಕ್ಕೆ ಕೈ ಹಾಕಿದಳು. ಬೆರಳು ಜಾರಿತು! ದಂತವೈದ್ಯ ಉಜ್ಜಿ ಉಜ್ಜಿ ಕೊಟ್ಟ ನುಣುಪು. ಅದರ ಮೇಲಿದ್ದ ನನ್ನ ಹೆಮ್ಮೆ ಆ ಕ್ಷಣವೇ ಸತ್ತಿತು.

ಆಳಿಲ್ಲದ ನನ್ನನ್ನು ಗಾಳಿ ಹೊಡೆದುಕೊಂಡು ಹೋಯಿತು. ಅವಳು ಈಜಿದಳು, ಕೂಗಿದಳು. ನಿಲ್ಲಬೇಕು ಎಂದು ಎಷ್ಟು ಒದ್ದಾಡಿದೆನೋ! ಅವಳ ಕೆಂಪು ಟೋಪಿ ಸಣ್ಣದಾಗುತ್ತ ಹೋಗಿ ಕಾಣದಾಯಿತು.

ವಾಮನಣ್ಣನ ದೋಣಿಗೆ ಸಿಕ್ಕಿದ್ದು ಖಾಲಿ ನಾನು. ಅವರು ಕಾಲುಹಗ್ಗವನ್ನು ಎಳೆದು ನೋಡಿದರು. ಪಟ್ಟಿ ಹರಿದಿರಲಿಲ್ಲ, ಬಿಚ್ಚಿತ್ತು.

"ಅಯ್ಯೋ, ನನ್ನ ಆಣೆ..." ಎಂದರು.

ಅದೇ ಹಗ್ಗದಿಂದ ನನ್ನನ್ನು ದೋಣಿಯ ಹಿಂಬದಿಗೆ ಬಿಗಿದು, ಗಾಳಿಗೆ ಎದುರಾಗಿ ದೋಣಿ ತಿರುಗಿಸಿದರು. ಕಂಡದ್ದೆಲ್ಲ ಅವಳ ತಲೆಯಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಬಲೆಯ ಬೆಂಡು, ಇಲ್ಲವೇ ತೇಲುವ ತೆಂಗಿನಕಾಯಿ. ಇದ್ದಕ್ಕಿದ್ದಂತೆ ವಾಮನಣ್ಣ ಎಂಜಿನ್ ನಿಲ್ಲಿಸಿದರು.

"ಎಂತ ಮಾಡ್ತೀರಿ ಮಾರಾಯ್ರೆ! ಹುಡುಗಿ ಹೋಗ್ತಾಳೆ!" ದೋಣಿಯಲ್ಲಿದ್ದ ಡೆನ್ಜಿಲ್ ಸರ್ ಕಿರುಚಿದರು.

"ಸುಮ್ಮನಿರಿ ಸರ್. ಕೇಳ್ಬೇಕು."

ಗಾಳಿ, ನೀರು, ಮತ್ತೇನೂ ಇಲ್ಲ. ಆಮೇಲೆ ದೂರದಲ್ಲಿ ಟಪ್, ಟಪ್. ಸ್ವಲ್ಪ ತಡೆದು ಮತ್ತೊಂದು ಟಪ್. ಬಲೆಯೊಳಗೆ ಮೀನು ಅಟ್ಟುವಾಗ ನೀರಿಗೆ ಹುಟ್ಟು ಬಡಿಯುವ ಕ್ರಮ ಅದು. ಮಗಳು ಚಿಕ್ಕವಳಿದ್ದಾಗ ಅವರೇ ಕಲಿಸಿದ್ದು.

"ನನ್ನ ಮಗಳೇ ಅದು!" ಎಂದು ಎಂಜಿನ್ ಎಳೆದರು.

ತೋಳು ಹಿಡಿದು ಮೇಲೆತ್ತಿದಾಗ ಅವಳ ತುಟಿ ನೀಲಿ. ಹುಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ನಡುಗುತ್ತ ಅವಳಾಡಿದ ಮೊದಲ ಮಾತು ಇದು:

"ಅಪ್ಪ, ನಾನು ಹಗ್ಗ ಕಟ್ಟಿಕೊಂಡಿರ್ಲಿಲ್ಲ. ಸತ್ಯ."

ವಾಮನಣ್ಣ ಗೊಳೋ ಎಂದು ಅತ್ತರು. ಅವಳ ಕೈಯನ್ನು ಮತ್ತೆ ತಮ್ಮ ತಲೆಗೆ ಒತ್ತಿಕೊಂಡು, "ಆಣೆ ಬಿಟ್ಟೆ ಮಗಾ, ಬಿಟ್ಟೇಬಿಟ್ಟೆ," ಎಂದರು.

ಅವಳು ನನ್ನ ಮೇಲೆ ಆಮೇಲೂ ಬಹಳ ಪಂದ್ಯ ಓಡಿದಳು, ಕೆಲವು ಗೆದ್ದಳು. ಈಗ ನನ್ನ ಬೆನ್ನು ಸೀಳಿದೆ. ವಾಮನಣ್ಣನ ಮನೆಯ ಹಿಂದೆ ಬೋರಲು ಬಿದ್ದಿದ್ದೇನೆ. ಕೋಳಿಗಳು ಹತ್ತಿ ಕೂತು ಗಲೀಜು ಮಾಡುತ್ತವೆ. ಸಿಟ್ಟು ಬರುತ್ತದೆ, ನಿಜ. ಆದರೆ ಕಾಲುಹಗ್ಗ ಈಗ ನನ್ನ ಮೈಮೇಲಿಲ್ಲ. ನಿಶ್ಮಿತಾಳ ಹೊಸ ಸ್ಕೀಗೆ ಅದನ್ನೇ ಹಾಕಿದ್ದಾರೆ. ಪಂದ್ಯದ ದಿನ ಅವಳ ಕಾಲಿಗೆ ಅದನ್ನು ಕಟ್ಟಲು ಬೇರೆ ಯಾರನ್ನೂ ವಾಮನಣ್ಣ ಬಿಡುವುದಿಲ್ಲ. ದಡದ ಹೊಯಿಗೆಯ ಮೇಲೆ ಮಂಡಿಯೂರಿ ತಾವೇ ಕಟ್ಟುತ್ತಾರಂತೆ. ಎರಡು ಸಲ ಎಳೆದು ನೋಡಿ, "ಹೋಗು ಮಗಾ," ಅನ್ನುತ್ತಾರಂತೆ.