ಬಲಗಡೆಯ ಪರದೆ

ನನ್ನ ಗಂಡ ರೋಮುಲೊ ಮನೆಯಲ್ಲೇ ಕೂತು ಆಸ್ಟ್ರೇಲಿಯಾದವರಿಗೆ ಮನೆಗಳ ನಕ್ಷೆ ಬರೆಯುತ್ತಿದ್ದ. ನಮ್ಮ ಇಲೋಯಿಲೊ ಊರಿನಲ್ಲಿ ಇಂಥ ಕೆಲಸದವರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಮೇಜಿನ ಮೇಲೆ ಒಂದು ಕಂಪ್ಯೂಟರು, ಅದಕ್ಕೆ ಎರಡು ಪರದೆ. ಎಡಗಡೆಯದರಲ್ಲಿ ಗೆರೆ ಎಳೆಯುವುದು, ಹಾಳೆಯನ್ನು ಮೌಸಿನಿಂದ ಬಲಗಡೆಯ ಪರದೆಗೆ ದಾಟಿಸಿ ಅಲ್ಲಿ ಅಳತೆ ತಿದ್ದುವುದು. ಬೆಳಗಿನಿಂದ ಸಂಜೆಯವರೆಗೆ ಅದೇ. ಊಟಕ್ಕೆ ಬಂದರೂ ಕುತ್ತಿಗೆ ಬಲಕ್ಕೇ ವಾಲಿರುತ್ತಿತ್ತು. ಕಂಡವರಿಗೆಲ್ಲ ಮನೆ ಕಟ್ಟಿದ್ದು ಸಾಕು, ನಮಗೊಂದು ಯಾವಾಗ ಎಂದು ನಾನು ದಿನಾ ಬೈಯುತ್ತಿದ್ದೆ. ಆಗುತ್ತೆ ಬಿಡೇ ಅನ್ನುತ್ತಿದ್ದ. ಕೊನೆಗೆ ಬಾಡಿಗೆ ಮನೆಯಲ್ಲೇ ಸತ್ತ.

ಒಂದು ಮಧ್ಯಾಹ್ನ ಅನ್ನಕ್ಕೆ ಕರೆದೆ, ಬರಲಿಲ್ಲ. ಇವನ ನಕ್ಷೆಗಿಷ್ಟು ಬೆಂಕಿ ಹಾಕ ಎಂದು ಗೊಣಗಿಕೊಂಡೇ ಒಳಗೆ ಹೋದೆ. ಕೈ ಮೌಸಿನ ಮೇಲಿತ್ತು, ಕಣ್ಣು ಬಲಗಡೆಯ ಪರದೆಯ ಮೇಲಿತ್ತು. ಹೃದಯ ನಿಂತಿದೆ ಅಂದರು ಡಾಕ್ಟರು.

ಸಂಸ್ಕಾರ ಮುಗಿಸಿ ಬಂದ ಮೇಲೆ ಆ ಬಲಗಡೆಯ ಪರದೆ ನನ್ನ ಜೀವ ತಿನ್ನತೊಡಗಿತು. ಆರಿಸಿಟ್ಟ ಕಪ್ಪು ಗಾಜಿನಲ್ಲಿ ಅವನ ಖಾಲಿ ಕುರ್ಚಿ ಕಾಣುತ್ತಿತ್ತು. ಮೈದುನ ಎಡ್ಗರ್‌ಗೆ ಕೊಟ್ಟುಬಿಟ್ಟೆ. ಅವನದು ನಾಣ್ಯ ಹಾಕಿ ಆಟ ಆಡುವ ಕಂಪ್ಯೂಟರುಗಳ ಅಂಗಡಿ. ಬಂದ, ಪರದೆ ಬಿಚ್ಚಿದ, ಕಂಕುಳಲ್ಲಿ ಇಟ್ಟುಕೊಂಡು ಹೋದ. ಉಳಿದದ್ದು ಎಡಗಡೆಯದೊಂದೇ. ಅದು ನನ್ನ ಮಗಳು ಮೈಲಿನ್‌ಳ ಪಾಲಾಯಿತು. ಒಂಬತ್ತು ವರ್ಷದವಳು, ಶಾಲೆಯಿಂದ ಬಂದು ಅದರಲ್ಲಿ ಚಿತ್ರ ಬರೆಯುತ್ತಿದ್ದಳು.

ಕೆಲವು ದಿನಗಳಲ್ಲೇ ಒಂದು ವಿಚಿತ್ರ ಶುರುವಾಯಿತು. ಪರದೆಯ ಮೇಲಿನ ಬಾಣ ಬಲ ಅಂಚಿಗೆ ಹೋದರೆ ಅಲ್ಲಿ ನಿಲ್ಲದೆ ದಾಟಿಹೋಗಿ ಮಾಯವಾಗುತ್ತಿತ್ತು. ಎಳೆದರೆ ಮತ್ತೆ ಈಚೆ ಬರುತ್ತಿತ್ತು. ಎಡ್ಗರ್‌ನನ್ನು ಕರೆಸಿ ಜಾಡಿಸಿದೆ. ಅವನು ಹಿಂದೆ ಬಗ್ಗಿ ನೋಡಿ ನಕ್ಕ.

"ಅತ್ತಿಗೆ, ನಾನು ಆವತ್ತು ಅವಸರದಲ್ಲಿ ವೈರಿನ ತುಂಡು ಇಲ್ಲೇ ಬಿಟ್ಟಿದ್ದೀನಿ. ಎರಡನೇ ಪರದೆ ಹೋಗಿದ್ದು ಇದಕ್ಕೆ ಗೊತ್ತೇ ಇಲ್ಲ. ಇನ್ನೂ ಪಕ್ಕದಲ್ಲೇ ಇದೆ ಅಂದ್ಕೊಂಡಿದೆ, ಪಾಪ."

ಆ ತುಂಡನ್ನು ಕೀಳಲು ಕೈ ಹಾಕಿದನೋ ಇಲ್ಲವೋ, ಮೈಲಿನ್ ಅವನ ಮುಂಗೈ ಕಚ್ಚಿದಳು. ಹಲ್ಲಿನ ಗುರುತು ಮೂಡುವಷ್ಟು ಕಚ್ಚಿದಳು. ಅಪ್ಪನ ವಸ್ತು ಅಂತ ಮಗುವಿಗೆ ಸಂಕಟ ಇರಬೇಕು ಎಂದುಕೊಂಡು ಹಾಗೆಯೇ ಬಿಟ್ಟೆವು.

ಸಂಕಟವಲ್ಲ, ಬೇರೆ ಇತ್ತು. ಒಂದು ದಿನ ಬಟ್ಟೆ ಮಡಿಸುತ್ತಾ ಹಿಂದೆ ನಿಂತು ನೋಡಿದೆ. ಮೈಲಿನ್ ಒಂದು ಮನೆ ಬರೆದಳು, ಮಕ್ಕಳು ಬರೆಯುವಂಥದೇ: ಒಂದು ಚೌಕ, ಮೇಲೊಂದು ತ್ರಿಕೋನ. ಅದನ್ನು ಬಲಕ್ಕೆ ಎಳೆದು ಆಚೆ ದಾಟಿಸಿದಳು. ಬರಿಯ ಗೋಡೆಯ ಕಡೆ ಕುತ್ತಿಗೆ ತಿರುಗಿಸಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಈಚೆ ಎಳೆದಳು. ಗೋಡೆಗಳಿಗೆ ದಪ್ಪ ಬಂದಿತ್ತು. ಒಂದು ಕಡೆ ಬಾಗಿಲು ಮೂಡಿತ್ತು. ಪಕ್ಕದಲ್ಲಿ ಸಣ್ಣ ಅಂಕಿಗಳಲ್ಲಿ ಅಳತೆ, ಏಳರ ಹೊಟ್ಟೆಗೆ ಅಡ್ಡಗೆರೆ. ಏಳನ್ನು ಹಾಗೆ ಬರೆಯುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ.

ಮೊದಲು ಎಡ್ಗರ್‌ನ ಮೇಲೆ ಹರಿಹಾಯ್ದೆ, ಅಂಗಡಿಯಲ್ಲಿ ಕೂತು ಏನೋ ಕಿತಾಪತಿ ಮಾಡುತ್ತಿದ್ದೀಯ ಎಂದು. ಅವನು ತಾಯಿಯ ಮೇಲೆ ಆಣೆ ಹಾಕಿದ. ಆಮೇಲೆ, ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಹೆದರಬೇಕಾದವಳು ಹೆದರಲಿಲ್ಲ. ಎಲ್ಲಿಯೂ ಹೋಗಿಲ್ಲ, ಪಕ್ಕದಲ್ಲೇ ಕೂತಿದ್ದಾನೆ ಅನಿಸಿ ಅಡುಗೆಮನೆಗೆ ಹೋಗಿ ಅಂಗಿಯ ತುದಿಯಲ್ಲೇ ಕಣ್ಣೊರೆಸಿಕೊಂಡೆ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮೈಲಿನ್ ಊಟ ಬಿಟ್ಟಳು. ಒಣಮೀನು, ಮೊಟ್ಟೆ, ಬೆಳ್ಳುಳ್ಳಿ ಅನ್ನ ಅಂದರೆ ತಟ್ಟೆ ನೆಕ್ಕುತ್ತಿದ್ದ ಹುಡುಗಿ, ಈಗ ಎರಡು ತುತ್ತಿಗೆ ಏಳುತ್ತಿದ್ದಳು. ಶಾಲೆಯಲ್ಲಿ ಮಾತಿಲ್ಲ, ಮನೆಯಲ್ಲಿ ಕುರ್ಚಿ ಬಿಡುವುದಿಲ್ಲ. ಬಲಕ್ಕೆ ತಿರುಗಿದ ಕುತ್ತಿಗೆ ನೇರವಾಗಲೇ ಇಲ್ಲ. ಮಟಮಟ ಮಧ್ಯಾಹ್ನದ ಸೆಕೆಯಲ್ಲಿ ಕೈ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಅಪ್ಪ ಹೋದ ದುಃಖ, ಸರಿಹೋಗುತ್ತದೆ ಎಂದು ಡಾಕ್ಟರು ಶಕ್ತಿಯ ಔಷಧಿ ಕೊಟ್ಟರು. ಹುಡುಗಿ ನನ್ನ ಕಣ್ಣೆದುರೇ ಕರಗುತ್ತಿದ್ದಳು.

ಒಂದು ದಿನ ತಾನಾಗಿಯೇ ಬಾಯಿ ಬಿಟ್ಟಳು. "ಅಮ್ಮಾ, ಪಾಪಾ ನಮ್ಮ ಮನೆ ಮುಗಿಸ್ತಾ ಇದ್ದಾರೆ. ನನ್ನ ರೂಮು ಮೊದಲು ಕಟ್ತಿದ್ದಾರೆ. ನಿನ್ನದು ಆಮೇಲಂತೆ."

ಆಗ ಆ ಹಾಳೆಯನ್ನು ಸರಿಯಾಗಿ ನೋಡಿದೆ. ಚೌಕ, ತ್ರಿಕೋನ ಯಾವುದೂ ಉಳಿದಿರಲಿಲ್ಲ. ಪಕ್ಕಪಕ್ಕ ಮೂರು ಕೋಣೆ. ಅಡುಗೆಮನೆ ಇಲ್ಲ. ಒಂದೂ ಕಿಟಕಿ ಇಲ್ಲ. ಗಾಳಿ ಬೆಳಕಿಗಾಗಿ ಆಸ್ಟ್ರೇಲಿಯಾದವರ ಜೊತೆ ಜಗಳಕ್ಕೆ ಬೀಳುತ್ತಿದ್ದ ಮನುಷ್ಯ ಇವನು. ಕೋಣೆಗಳ ಉದ್ದ ಒಂದಾಳು ಮಲಗುವಷ್ಟು, ಅಗಲ ಭುಜ ತಾಗುವಷ್ಟು. ಮೊದಲನೆಯದರಲ್ಲಿ ಅವನ ಹೆಸರು, ನಾಲ್ಕೂ ಕಡೆ ಮುಚ್ಚಿತ್ತು. ನಡುವಿನದರಲ್ಲಿ ಮೈಲಿನ್ ಎಂದಿತ್ತು, ಮೂರು ಕಡೆ ಮುಚ್ಚಿತ್ತು. ಕೊನೆಯದು ನನ್ನದು, ಇನ್ನೂ ಬರಿಯ ಗೆರೆ.

ಈ ಅಳತೆ ನನಗೆ ಗೊತ್ತಿತ್ತು. ನಮ್ಮ ಸ್ಮಶಾನದಲ್ಲಿ ಜಾಗವಿಲ್ಲದೆ ಗೋಡೆಯಲ್ಲಿ ಗೂಡುಗಳನ್ನು ಒಂದರ ಮೇಲೊಂದು ಕಟ್ಟಿ ಅದರೊಳಗೆ ಶವದ ಪೆಟ್ಟಿಗೆ ತಳ್ಳಿ ಸಿಮೆಂಟು ಮೆತ್ತುತ್ತಾರೆ. ಪೆಟ್ಟಿಗೆ ಹಿಡಿಸುತ್ತದೋ ಇಲ್ಲವೋ ಎಂದು ಎಡ್ಗರ್ ಟೇಪು ಹಿಡಿದು ಅಳೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಚಪ್ಪಲಿಯನ್ನೂ ಮೆಟ್ಟದೆ ತಿಯಾ ಸಾಲುಡ್ ಮನೆಗೆ ಓಡಿದೆ. ರೋಮುಲೊನ ಚಿಕ್ಕಮ್ಮ, ಓಣಿಯಲ್ಲಿ ಯಾರು ಸತ್ತರೂ ಪ್ರಾರ್ಥನೆ ಹೇಳಿಸುವವಳು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: ಅವನ ಕೈಯಲ್ಲಿದ್ದ ಜಪಸರ ಕತ್ತರಿಸಿದೆಯಾ?

ಕತ್ತರಿಸಿರಲಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಸತ್ತವರ ಕೈಯ ಸರವನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ಮನೆಯವರು ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ನಮ್ಮಲ್ಲಿ ಇದು ಯಾರಿಗೆ ಗೊತ್ತಿಲ್ಲ? ನಾನು ಕತ್ತರಿ ಹಿಡಿದೂ ಇದ್ದೆ. ಆದರೆ ಅದು ಮೈಲಿನ್‌ಳದೇ ಬಿಳಿ ಮಣಿಯ ಸರ, ಅವಳೇ ಅಪ್ಪನ ಬೆರಳಿಗೆ ಸುತ್ತಿದ್ದಳು. ಕತ್ತರಿ ಕಂಡು ಕಿರುಚಿಕೊಂಡು ನನ್ನ ಕೈಗೆ ಜೋತುಬಿದ್ದಳು. ಮಗುವಿನ ಅಳು ನೋಡಲಾರದೆ ಬಿಟ್ಟುಬಿಟ್ಟೆ.

ಆ ವೈರಿನ ತುಂಡು ಕಿತ್ತು ಹೊಳೆಗೆ ಎಸೆಯುತ್ತೇನೆ ಎಂದೆ.

"ಕಿತ್ತರೆ ನಿನಗೆ ಕಾಣಿಸಲ್ಲ, ಅಷ್ಟೇ. ಅವನು ಕಟ್ಟೋದು ನಿಲ್ಲಿಸ್ತಾನಾ?" ಎಂದಳು ತಿಯಾ. "ಅವನಿಗೇ ಹೇಳು ಹೋಗು. ಸತ್ತವರು ಕೆಟ್ಟವರಲ್ಲ ಕಣೇ, ಅವರಿಗೆ ತಿಳಿಯಲ್ಲ. ಬದುಕಿದ್ದಾಗ ದಿನಾ ಬೈತಿದ್ದವಳು, ಈಗೇನು ನಾಚಿಕೆ?"

ಮೈಲಿನ್‌ಳನ್ನು ಕರೆತಂದು ತಿಯಾಳ ಮಡಿಲಿಗೆ ಹಾಕಿ, ಮನೆಗೆ ಮರಳಿ ಅವನ ಕುರ್ಚಿಯಲ್ಲಿ ಕೂತೆ. ಹೊರಗೆ ಸುಡುಬಿಸಿಲು, ಪಕ್ಕದ ಮನೆಯಲ್ಲಿ ಯಾರೋ ಮೈಕು ಹಿಡಿದು ಹಾಡುತ್ತಿದ್ದರು. ಮೌಸು ಹಿಡಿದು ಸೊಟ್ಟಸೊಟ್ಟವಾಗಿ ಹಾಳೆಯ ಕೆಳಗೆ ಬರೆದೆ, ಮೈಲಿನ್ ಕೋಣೆ ಅಳಿಸು ಎಂದು. ಆಚೆ ದಾಟಿಸಿದೆ. ಕಾದು ಈಚೆ ಎಳೆದೆ. ನನ್ನ ಬರಹ ಹಾಗೆಯೇ ಇತ್ತು. ಅವಳ ಕೋಣೆಯ ನಾಲ್ಕನೆಯ ಗೋಡೆ ಅರ್ಧ ಎದ್ದಿತ್ತು. ಬದುಕಿದ್ದಾಗಲೂ ಹೀಗೆಯೇ, ಕೆಲಸಕ್ಕೆ ಕೂತರೆ ನನ್ನ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಖಾಲಿ ಗೋಡೆಯ ಕಡೆ ತಿರುಗಿ ಬಾಯಿ ಬಿಟ್ಟೇ ಹೇಳಿದೆ.

"ರೋಮುಲೊ, ಅದು ಮನೆ ಅಲ್ಲ ಕಣೋ, ಗೋರಿ. ನೀನು ಸತ್ತುಹೋಗಿದ್ದೀಯ. ಆವತ್ತು ಅನ್ನಕ್ಕೆ ಕರೆದಾಗಲೇ ಸತ್ತಿದ್ದೆ."

ಇಷ್ಟು ದಿನದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ನನಗೇ ತಡೆಯಲಾಗದೆ ಮೇಜಿಗೆ ತಲೆಯಿಟ್ಟು ಅತ್ತೆ. ಅಳುತ್ತಿರುವಾಗ ನನ್ನ ಅಂಗೈ ಕೆಳಗೆ ಮೌಸು ಅಲುಗಿತು. ನಾನು ಅಲುಗಿಸಿರಲಿಲ್ಲ. ಹಾಳೆ ಮೆಲ್ಲಗೆ ಬಲಕ್ಕೆ ಸರಿದು ಮಾಯವಾಯಿತು. ಬಹಳ ಹೊತ್ತಿನ ಮೇಲೆ ತಾನಾಗಿಯೇ ಮರಳಿತು. ನಡುವಿನ ಕೋಣೆ ಇರಲಿಲ್ಲ. ಮೈಲಿನ್ ಎಂಬ ಹೆಸರಿದ್ದ ಜಾಗವನ್ನು ಒಂದು ಗೆರೆಯೂ ಉಳಿಯದ ಹಾಗೆ ಒರೆಸಿದ್ದ. ನನ್ನ ಕೋಣೆ ಮಾತ್ರ ಇತ್ತು. ಅದರೊಳಗೆ ಅವನ ಅಕ್ಷರದಲ್ಲಿ ಒಂದೇ ಮಾತು ಬರೆದಿತ್ತು: ನೀನು?

"ಬರ್ತೀನಿ," ಎಂದೆ. "ಇವಳು ದೊಡ್ಡವಳಾಗ್ಲಿ. ಅಲ್ಲೀವರೆಗೂ ಕೈ ಹಚ್ಚಬೇಡ."

ಹಾಳೆಯನ್ನು ನಾನೇ ಆಚೆ ದಾಟಿಸಿದೆ. ಮತ್ತೆ ಈಚೆ ಎಳೆದಿಲ್ಲ.

ಅಂದು ಸಂಜೆ ಮೈಲಿನ್ ಎರಡು ಸಲ ಅನ್ನ ಹಾಕಿಸಿಕೊಂಡಳು, ಮೀನು ಸಾಲದು ಎಂದು ನನ್ನ ಜೊತೆ ಜಗಳವಾಡಿದಳು. ಈಗ ನಾಯಿ, ಹಡಗು ಏನೇನೋ ಬರೆಯುತ್ತಾಳೆ, ಯಾವುದನ್ನೂ ಆಚೆ ಕಳಿಸುವುದಿಲ್ಲ. ಅವಳು ಶಾಲೆಗೆ ಹೋದ ಮೇಲೆ ಒಮ್ಮೊಮ್ಮೆ ನಾನು ಮೇಜು ಒರೆಸುತ್ತಿರುವಾಗ ಬಾಣ ತಾನೇ ತಾನಾಗಿ ಬಲಕ್ಕೆ ಸರಿಯತೊಡಗುತ್ತದೆ. ಇನ್ನೂ ಚಿಕ್ಕವಳು ಕಣೋ ಅನ್ನುತ್ತೇನೆ. ಅಂಚಿನಲ್ಲಿ ನಿಲ್ಲುತ್ತದೆ.